ಹಳೆಯ ತಾಮ್ರದ ತಂತಿ ಮೇಲೆ ವಿಡಿಎಸ್‌ಎಲ್ ಎಕ್ಸ್‌ಟೆಂಡರ್: ನಾಲ್ಕು ಮಳೆಗಾಲ ಕಂಡ ಮೇಲೆ

ಬೆಳಗಾವಿಯ ಟಿಳಕವಾಡಿ ಕಡೆ ಎರಡು ಟ್ರಾಫಿಕ್ ಸಿಗ್ನಲ್ ನನ್ನ ನಿರ್ವಹಣೆಯಲ್ಲಿವೆ. ನಡುವಿನ ಕೇಬಲ್ ದೂರ 720 ಮೀಟರ್. ಒಂದು ಕಡೆಯ ಮೂರು ಕ್ಯಾಮೆರಾಗಳ ಚಿತ್ರ ಇನ್ನೊಂದು ಕಡೆಗೆ ತರಬೇಕಿತ್ತು, ಎರಡೂ ಸಿಗ್ನಲ್‌ಗಳ ಗಡಿಯಾರ ಹೊಂದಿಸಬೇಕಿತ್ತು. ನೆಲದೊಳಗೆ ಹತ್ತು ಜೋಡಿಯ ಹಳೆಯ ತಾಮ್ರದ ಕೇಬಲ್ ಇತ್ತು, ಹೆಚ್ಚಿನ ಜೋಡಿಗಳು ಖಾಲಿ ಬಿದ್ದಿದ್ದವು. ಫೈಬರ್ ಎಳೆಯಬೇಕೆಂದರೆ ರಸ್ತೆ ಅಗೆಯಬೇಕು. ಮಾಮೂಲಿ ಈಥರ್‌ನೆಟ್ 100 ಮೀಟರ್‌ಗೆ ಮುಗಿಯುತ್ತದೆ. ಅದಕ್ಕೇ ವಿಡಿಎಸ್‌ಎಲ್2 ಎಕ್ಸ್‌ಟೆಂಡರ್ ಒಂದು ಜೊತೆ, ಅಂದರೆ ತಾಮ್ರದ ತಂತಿ ಮೇಲೆ ನೆಟ್‌ವರ್ಕನ್ನು ದೂರ ಒಯ್ಯುವ ಎರಡು ಡಬ್ಬಿ, ತಂದು ಕೂರಿಸಿದೆ. ಟೆಲಿಫೋನ್ ತಂತಿಗೆಂದೇ 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಒಪ್ಪಿದ ತಂತ್ರ ಇದು. ಒಂದೇ ಜೋಡಿ ತಂತಿ ಸಾಕು.

ಮೊದಲ ದಿನ ಎಡವಿದ್ದು ಒಂದು ಸಣ್ಣ ಸ್ವಿಚ್ಚಿನಲ್ಲಿ. ಈ ಡಬ್ಬಿಗಳಲ್ಲಿ ಒಂದು ದಿಕ್ಕಿಗೆ ವೇಗ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಕ್ಯಾಮೆರಾ ಇರುವ ತುದಿಯ ಡಬ್ಬಿಯನ್ನು ಸ್ವಿಚ್ಚಿನಿಂದ 'ಸಿಒ' (ಟೆಲಿಫೋನ್ ಎಕ್ಸ್‌ಚೇಂಜ್ ಕಡೆಯ ಡಬ್ಬಿ) ಮಾಡಬೇಕು, ಆಗ ಜಾಸ್ತಿ ವೇಗ ಚಿತ್ರಕ್ಕೆ ಸಿಗುತ್ತದೆ. ನಾನು ಉಲ್ಟಾ ಇಟ್ಟಿದ್ದೆ. ತಿರುಗಿಸಿದ ಕೂಡಲೇ 58 ಎಂಬಿಪಿಎಸ್ ಬಂತು. ಮೂರು ಕ್ಯಾಮೆರಾಗಳಿಗೆ ಬೇಕಾದದ್ದು 12 ಅಷ್ಟೇ.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಮಾತ್ರ ಕ್ಯಾಮೆರಾ ಅಲ್ಲ, ಗಡಿಯಾರ. ಗಂಟೆಗೆ 30 ಕಿ.ಮೀ. ವೇಗದಲ್ಲಿ 720 ಮೀಟರ್ ದಾಟಲು ಸುಮಾರು 86 ಸೆಕೆಂಡ್ ಬೇಕು. ಮೊದಲ ಸಿಗ್ನಲ್‌ನಲ್ಲಿ ಹಸಿರು ಸಿಕ್ಕವರಿಗೆ ಎರಡನೆಯದರಲ್ಲೂ ಹಸಿರೇ ಸಿಗುವಂತೆ ಆ ಲೆಕ್ಕದಲ್ಲೇ ಟೈಮಿಂಗ್ ಹಾಕಿದ್ದೆವು. ಆದರೆ ಸಿಗ್ನಲ್ ದೀಪ ನಡೆಸುವ ಎರಡು ಕಂಟ್ರೋಲರ್‌ಗಳ ಗಡಿಯಾರ ದಿನದಿನಕ್ಕೆ ಸರಿದು, ಶಾಲೆ ಬಿಡುವ ಹೊತ್ತಿಗೆ ಬಸ್ಸು, ರಿಕ್ಷಾ ಎಲ್ಲಾ ಕೆಂಪಿಗೆ ಬಂದು ನಿಲ್ಲುತ್ತಿದ್ದವು. ಈಗ ಈ ತಂತಿಯ ಮೂಲಕ ಎರಡೂ ಒಂದೇ ಸಮಯ ಓದುತ್ತವೆ.

ಎರಡನೇ ವರ್ಷದ ಜುಲೈನಲ್ಲಿ ಪರೀಕ್ಷೆ ಬಂತು. ಎಂಟು ದಿನ ಬಿಡದ ಮಳೆ. ವೇಗ 9ಕ್ಕೆ ಕುಸಿಯಿತು, ಚಿತ್ರ ನಿಂತುನಿಂತು ಬರತೊಡಗಿತು. ಡಬ್ಬಿಯೇ ಕೆಟ್ಟಿದೆ ಎಂದುಕೊಂಡು ಬದಲಿಸಿ ನೋಡಿದೆ, ಅದೇ 9. ಟೆಲಿಫೋನ್ ಕೇಬಲ್ ಕೆಲಸ ಮಾಡಿ ನಿವೃತ್ತರಾದ ಕಾಕಾ ಒಬ್ಬರನ್ನು ಕರೆದೆ. ಅವರು ಡಬ್ಬಿ ಕಡೆ ನೋಡಲೇ ಇಲ್ಲ. "ತಮ್ಮಾ, ಮದಲ ಜಾಯಿಂಟ್ ಬಿಚ್ಚು" ಅಂದರು. ಗುಂಡಿಯಲ್ಲಿ ನೀರು. ಯಾರೋ ಎಂದೋ ಕೈಯಿಂದ ತಿರುಚಿ ಟೇಪ್ ಸುತ್ತಿದ ಜಾಯಿಂಟ್, ಒಳಗೆ ತಂತಿ ತುಂಬ ಹಸಿರು ಕಿಲುಬು. ಕತ್ತರಿಸಿ, ನೀರು ತಡೆಯುವ ಜೆಲ್ಲಿ ತುಂಬಿದ ಕನೆಕ್ಟರ್ ಒತ್ತಿ, ಮೇಲೆ ಜಾಯಿಂಟ್ ಕಿಟ್ ಹಾಕಿದೆವು. ವೇಗ 55ಕ್ಕೆ ಮರಳಿತು. ಆಮೇಲೆ ಎರಡು ಮಳೆಗಾಲ ಆಯಿತು, ಆ ಗುಂಡಿ ತೆರೆದಿಲ್ಲ.

ಡಬ್ಬಿ ಜೊತೆ ಬಂದ ಅಡಾಪ್ಟರ್ ಹದಿನಾಲ್ಕನೇ ತಿಂಗಳಿಗೆ ಸುಟ್ಟಿತು. ಏಪ್ರಿಲ್ ಬಿಸಿಲಲ್ಲಿ ಕಬ್ಬಿಣದ ಕ್ಯಾಬಿನೆಟ್ ಕಾದ ಹೆಂಚಿನಂತಿರುತ್ತದೆ, ಮನೆಯಲ್ಲಿ ಬಳಸುವ ಅಡಾಪ್ಟರ್ ಅಲ್ಲಿ ತಾಳುವುದಿಲ್ಲ. ಕೈಗಾರಿಕಾ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿಕೊಳ್ಳಿ. ಎರಡೂ ತುದಿಗೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಬೇಕೇಬೇಕು. ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಪ್ರೊಟೆಕ್ಟರ್ ಹೋಯಿತು, ಡಬ್ಬಿ ಉಳಿಯಿತು.

ಖಾಲಿ ಪೈಪ್ ಮೊದಲೇ ಇದ್ದರೆ ಫೈಬರ್ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ದೂರ ಒಂದೂವರೆ ಕಿಲೋಮೀಟರ್ ದಾಟಿದರೂ ಈ ಎಕ್ಸ್‌ಟೆಂಡರ್‌ನಿಂದ ಹೆಚ್ಚು ಬಯಸಬೇಡಿ, ದೂರ ಹೆಚ್ಚಿದಂತೆ ವೇಗ ಬೇಗ ಇಳಿಯುತ್ತದೆ. ನಮ್ಮಂಥ ದೂರಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಅಡಾಪ್ಟರ್‌ಗೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಜೋಡಿಯ ಆಚೆ ತುದಿಯಲ್ಲಿ ಎರಡೂ ತಂತಿ ಸೇರಿಸಿ ಶಾರ್ಟ್ ಮಾಡಿ, ಈಚೆಯಿಂದ ಮಲ್ಟಿಮೀಟರ್ ಹಿಡಿಯಿರಿ. 0.5 ಮಿ.ಮೀ. ತಂತಿಗೆ ಕಿಲೋಮೀಟರ್‌ಗೆ ಸುಮಾರು 170 ಓಮ್ ಬರಬೇಕು, ನಮ್ಮ 720 ಮೀಟರ್‌ಗೆ 124 ಇತ್ತು. ಅಂಕಿ ನಿಲ್ಲದೆ ಓಲಾಡಿದರೆ ಡಬ್ಬಿಗೆ ದುಡ್ಡು ಹಾಕುವ ಮೊದಲು ಜಾಯಿಂಟ್ ಹುಡುಕಿ.