ಅಡೆನಾಯ್ಡ್, ಬಲೂನು, ಎಂಡೋಸ್ಕೋಪ್: ನಮ್ಮ ಇಬ್ಬರು ಮಕ್ಕಳಿಗಾದ ಮೂರು ಶಸ್ತ್ರಚಿಕಿತ್ಸೆಗಳು

ಮೂಗು ಕಟ್ಟುವುದು, ಗಟ್ಟಿ ಸಿಂಬಳ, ರಾತ್ರಿಯ ಕೆಮ್ಮು ಇವು 12 ವಾರ ಕಳೆದರೂ ಬಿಡದಿದ್ದರೆ ಅದನ್ನು ವೈದ್ಯರು ಸೈನಸ್ಸಿನ, ಅಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳ, ದೀರ್ಘಕಾಲದ ತೊಂದರೆ ಎಂದು ಪರಿಗಣಿಸುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಮಗ ನಾಲ್ಕು ತುಂಬುವ ಮೊದಲೇ ರೋಗಿಯಾಗಿದ್ದ. ಅವನ ಅಕ್ಕನಿಗೆ ತೊಂದರೆ ಶುರುವಾದದ್ದು ಹನ್ನೊಂದರಲ್ಲಿ. ಮಗನಿಗೆ ಐದನೆಯ ವಯಸ್ಸಿನಲ್ಲಿ ಮೂಗಿನ ಹಿಂಭಾಗದ ಅಡೆನಾಯ್ಡ್ ತೆಗೆಸಿದೆವು, ಮಗಳಿಗೆ ಹನ್ನೆರಡರಲ್ಲಿ ಬಲೂನಿನಿಂದ ಸೈನಸ್ಸಿನ ಬಾಯಿ ಅಗಲ ಮಾಡಿಸಿದೆವು, ಮಗನಿಗೇ ಮತ್ತೆ ಒಂಬತ್ತರಲ್ಲಿ ಎಂಡೋಸ್ಕೋಪ್ ಎಂಬ, ಮೂಗಿನೊಳಗೆ ನೋಡುವ ತೆಳು ಕೊಳವೆಯ ಮೂಲಕ ಸೈನಸ್ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೂರರಲ್ಲಿ ಯಾವುದಕ್ಕೂ ಮುಖದ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಆದ್ದರಿಂದ ‘ಗಾಯ ಕಡಿಮೆ’ ಎಂಬ ಮಾತು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನಮಗೆ ನೆರವಾಗಲಿಲ್ಲ. ತೊಂದರೆ ಯಾವ ಸೈನಸ್ಸಿನಲ್ಲಿದೆ ಎಂಬ ಪ್ರಶ್ನೆಯೊಂದೇ ನೆರವಾಯಿತು.

ಶಸ್ತ್ರಚಿಕಿತ್ಸೆಗೆ ಮೊದಲು ಆಗಬೇಕಾದದ್ದು ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದರೆ ಮೂಗು ಉರಿಯುವುದಿಲ್ಲ. ಶಾಲೆಯ ಯೋಗದ ತರಗತಿಯಲ್ಲಿ ಜಲನೇತಿ ಕಲಿತಿದ್ದ ಮಗಳು ಇದನ್ನು ಆಟದಂತೆ ಮಾಡಿದಳು. ಮಗ ಬಾಟಲಿ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದ. ನಾವು ಮೊದಲು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಅವನ ಮೂಗಿನೊಳಗೆ ಒಮ್ಮೆಯೂ ನೋಡದೆ ಒಂದೇ ವರ್ಷದಲ್ಲಿ ನಾಲ್ಕು ಸಲ ಆ್ಯಂಟಿಬಯಾಟಿಕ್ ಬರೆದುಕೊಟ್ಟರು ಎಂಬ ಬೇಸರ ನನಗೆ ಇಂದಿಗೂ ಇದೆ.

ಅಡೆನಾಯ್ಡ್ ಎಂಬುದು ಮೂಗಿನ ಹಿಂಭಾಗದಲ್ಲಿ, ಕಿರುನಾಲಿಗೆಗಿಂತ ಮೇಲೆ ಇರುವ ಮೃದುವಾದ ಗಡ್ಡೆ. ಚಿಕ್ಕ ಮಕ್ಕಳಲ್ಲಿ ಉಬ್ಬಿಕೊಂಡಿದ್ದು, ಹದಿಹರೆಯದ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಅದು ಗಾಳಿಯ ದಾರಿಗೆ ಅಡ್ಡವಾಗುವುದಷ್ಟೇ ಅಲ್ಲ, ಸಣ್ಣದಾಗಿದ್ದರೂ ರೋಗಾಣುಗಳು ಅದರಲ್ಲಿ ಬೀಡುಬಿಟ್ಟು ಸೈನಸ್ಸಿಗೆ ಮತ್ತೆ ಮತ್ತೆ ಸೋಂಕು ಹಬ್ಬಿಸುತ್ತವೆ. ಚಿಕ್ಕ ಮಕ್ಕಳಲ್ಲಿ ಸೈನಸ್ಸನ್ನು ಮುಟ್ಟುವ ಮೊದಲು ಇದನ್ನು ತೆಗೆಯುವುದು ಆ ಕಾರಣಕ್ಕೆ. ಮಗನಿಗೆ ಬಾಯಿಯ ಮೂಲಕವೇ ಅದನ್ನು ತೆಗೆದು, ಅದೇ ಅರಿವಳಿಕೆಯಲ್ಲಿ ಕೆನ್ನೆಯ ಸೈನಸ್ಸುಗಳನ್ನೂ ತೊಳೆದರು. ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿದು, ಮರುದಿನ ಬೆಳಿಗ್ಗೆ ಮನೆಗೆ ಬಂದೆವು. ಒಂದು ವಾರ ಬಾಯಿಯ ದುರ್ವಾಸನೆ ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ಮೊದಲ ರಾತ್ರಿ ಗೊರಕೆ ಕೇಳಿಸದೆ, ಉಸಿರಾಡುತ್ತಿದ್ದಾನೆಯೇ ಎಂದು ನಾನು ಎರಡು ಸಲ ಎದ್ದು ನೋಡಿದೆ. ಆ ಸುಖ ಮೂರು ವರ್ಷ ಉಳಿಯಿತು. ನಂತರ ತೊಂದರೆ ಮರಳಿದ್ದಕ್ಕೆ ಅವನ ಧೂಳಿನ ಅಲರ್ಜಿ ಕಾರಣವೇ ಹೊರತು ಆ ಚಿಕಿತ್ಸೆಯಲ್ಲ.

ಬಲೂನಿನ ವಿಧಾನಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು. ತೆಳುವಾದ ತಂತಿಯನ್ನು ಸೈನಸ್ಸಿನ ಬಾಯಿಗೆ ತೂರಿಸಿ, ಅದರ ಮೇಲೆ ಜಾರಿಸಿದ ಬಲೂನನ್ನು ಕೆಲವು ಸೆಕೆಂಡು ಉಬ್ಬಿಸಿದರೆ ದ್ವಾರ ಅಗಲವಾಗುತ್ತದೆ; ಯಾವ ಭಾಗವನ್ನೂ ಕತ್ತರಿಸಿ ತೆಗೆಯುವುದಿಲ್ಲ. ಮಗಳ ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಕೆನ್ನೆಯ ಸೈನಸ್ಸುಗಳು ಮಾತ್ರ ಕಟ್ಟಿಕೊಂಡಿದ್ದವು, ಹಾಗಾಗಿ ಈ ವಿಧಾನ ಅವಳಿಗೆ ಹೊಂದಿತು. ರಕ್ತ ಬಂದದ್ದು ಹತ್ತಿಯ ಒಂದೆರಡು ಉಂಡೆಗಳಷ್ಟು, ನಾಲ್ಕನೆಯ ದಿನ ಶಾಲೆ. ಆದರೆ ಎರಡು ಆಕ್ಷೇಪಗಳನ್ನು ಹೇಳಲೇಬೇಕು. ದೊಡ್ಡವರಿಗೆ ಮೂಗಿನ ಭಾಗವನ್ನಷ್ಟೇ ಮರಗಟ್ಟಿಸಿ ಇದನ್ನು ಮಾಡಬಹುದು ಎಂಬ ದೊಡ್ಡ ಅನುಕೂಲ ಮಕ್ಕಳ ಮಟ್ಟಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಗಳಿಗೂ ಪೂರ್ಣ ಅರಿವಳಿಕೆಯನ್ನೇ ಕೊಟ್ಟರು. ಇನ್ನು ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊತ್ತ ಒಮ್ಮೆ ಬಳಸಿ ಬಿಸಾಡುವ ಆ ಸಾಧನದ್ದೇ ಆಗಿತ್ತು. ಬಲೂನು ತೆಗೆದ ಮೇಲೆ ಸೈನಸ್ಸನ್ನು ಚೆನ್ನಾಗಿ ತೊಳೆದಿದ್ದರು ಕೂಡ. ಗುಣ ಬಲೂನಿನದೋ ತೊಳೆತದ್ದೋ ಎಂದು ಬೇರ್ಪಡಿಸಿ ಹೇಳಲು ನನ್ನಿಂದಾಗದು.

ಮಗನಿಗೂ ಬಲೂನೇ ಇರಲಿ ಎಂದು ನಾವು ಕೇಳಿದೆವು. ವೈದ್ಯರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಎರಡು ಕಣ್ಣುಗಳ ನಡುವೆ ಕಪ್ಪಗಿರಬೇಕಾದ ಜಾಗ ಪೂರ್ತಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದರು. ಅದು ಎತ್ಮಾಯ್ಡ್ ಸೈನಸ್, ಜೇನುಹುಟ್ಟಿನಂತೆ ಪುಟ್ಟ ಪುಟ್ಟ ಕೋಣೆಗಳ ಗುಂಪು. ಬಲೂನು ಉಬ್ಬಿಸಲು ಅದಕ್ಕೆ ಒಂದೇ ಬಾಗಿಲಿಲ್ಲ, ಗೋಡೆಗಳನ್ನೇ ಬಿಡಿಸಬೇಕು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ವೈದ್ಯ ಮೆಸ್ಸರ್‌ಕ್ಲಿಂಗರ್ ಅವರ ಅಧ್ಯಯನಗಳಿಂದ ಬೆಳೆದು, 1980ರ ದಶಕದಲ್ಲಿ ಅಮೆರಿಕದ ವೈದ್ಯ ಕೆನಡಿ ಅವರ ಮೂಲಕ ಪ್ರಚಾರಕ್ಕೆ ಬಂದ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆ ಈ ಕೆಲಸಕ್ಕೆ ತಕ್ಕದ್ದು. ಈ ಕೋಣೆಗಳಿಗೂ ಕಣ್ಣಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ, ಮೇಲ್ಗಡೆ ಮೆದುಳಿನ ಹೊದಿಕೆ. ಆದ್ದರಿಂದ ಮಕ್ಕಳಲ್ಲಿ ಇದನ್ನು ಹಲವು ಬಾರಿ ಮಾಡಿದ ಅನುಭವವಿರುವವರನ್ನೇ ಹುಡುಕಿಕೊಂಡು ಬೆಂಗಳೂರಿಗೆ ಹೋದೆವು. ಬೆಳೆಯುವ ಮುಖದ ಆಕಾರ ಕೆಡಬಹುದೆಂಬ ಭಯ ನಮ್ಮನ್ನೂ ಕಾಡಿತ್ತು. ಆ ಭಯ ಹಂದಿಮರಿಗಳ ಮೇಲಿನ ಪ್ರಯೋಗದಿಂದ ಹುಟ್ಟಿದ್ದೆಂದೂ, ಶಸ್ತ್ರಚಿಕಿತ್ಸೆಯಾಗಿ ಸುಮಾರು 10 ವರ್ಷಗಳ ನಂತರ ಮಕ್ಕಳ ಮುಖವನ್ನು ಅಳೆದು ನೋಡಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂದೂ ತಿಳಿದ ಮೇಲೆಯೇ ಸಹಿ ಹಾಕಿದೆವು.

ಶಸ್ತ್ರಚಿಕಿತ್ಸೆ ಎರಡು ಗಂಟೆ ಹಿಡಿಯಿತು, ಆದರೆ ನಿಜವಾದ ಕಷ್ಟ ಅದರ ನಂತರದ ಆರು ವಾರಗಳದ್ದು. ದಿನಕ್ಕೆರಡು ಹೊತ್ತು ತೊಳೆಯದಿದ್ದರೆ ಒಳಗೆ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕಟ್ಟಿದರೆ ತೆರೆದ ದಾರಿ ಮತ್ತೆ ಕೂಡಿಕೊಳ್ಳುತ್ತದೆ. ಹಿಂದೆಲ್ಲ ಎರಡು ಮೂರು ವಾರಕ್ಕೆ ಮಗುವಿಗೆ ಮತ್ತೆ ಅರಿವಳಿಕೆ ಕೊಟ್ಟು ಹಕ್ಕಳೆ ತೆಗೆಯುವ ರೂಢಿಯಿತ್ತಂತೆ. ನಮಗೆ ಅದರ ಅಗತ್ಯ ಬೀಳಲಿಲ್ಲ. ಹದಿನಾಲ್ಕನೆಯ ದಿನ ಬೆಳಿಗ್ಗೆ ಒಣಗಿದ ಬೆಲ್ಲದ ಚೂರಿನಂಥದ್ದೊಂದು ಬೇಸಿನ್ನಿಗೆ ಬಿದ್ದಾಗ, ಮಂಚದ ಕೆಳಗೆ ಅಡಗುತ್ತಿದ್ದ ಅದೇ ಹುಡುಗ ಅದನ್ನು ಕಡ್ಡಿಯಿಂದ ತಿರುಗಿಸಿ ನೋಡಿ ಅಕ್ಕನನ್ನು ಕೂಗಿ ಕರೆದ.

ಹೀಗಾಗಿ ಐದಾರು ವರ್ಷದ ಮಗುವಿಗೆ ಅಡೆನಾಯ್ಡ್ ಬಿಟ್ಟು ಬೇರೆಯದನ್ನು ಮೊದಲು ಸೂಚಿಸಿದರೆ ನಾನು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುತ್ತೇನೆ. ಎತ್ಮಾಯ್ಡ್ ತುಂಬಿಕೊಂಡಿರುವಾಗ ಬಲೂನಿಗೆ ಹಣ ಸುರಿಯುವುದಿಲ್ಲ. ಮಗಳು ಐದು ತಿಂಗಳಿಗೆ ತೊಳೆತ ನಿಲ್ಲಿಸಿದಳು, ಚೆನ್ನಾಗಿಯೇ ಇದ್ದಾಳೆ. ಮಗನ ಬಾಟಲಿ ಇನ್ನೂ ಬೇಸಿನ್ನಿನ ಪಕ್ಕದಲ್ಲಿದೆ. ಆರನೆಯ ವಾರ ಅವನು ನಡುಮನೆಯಿಂದಲೇ “ಅಮ್ಮಾ, ಸಾರಿನ ಒಗ್ಗರಣೆಗೆ ಇಂಗು ಹಾಕಿದೆಯಾ?” ಎಂದು ಕೇಳಿದ. ಹುಟ್ಟಿದಾಗಿನಿಂದ ಅವನು ವಾಸನೆಯ ಬಗ್ಗೆ ನನ್ನನ್ನು ಏನನ್ನೂ ಕೇಳಿರಲಿಲ್ಲ.