ಲಿವರ್‌ಪೂಲ್ ಹೋಮ್ ಜರ್ಸಿ: ಒಂದು ಇಡೀ ಸೀಸನ್ ಹಾಕಿದ ಮೇಲೆ ಬರೆದ ರಿವ್ಯೂ

ಆಗಸ್ಟ್‌ನಲ್ಲಿ ಸೀಸನ್ ಶುರುವಾಗುವ ಮುಂಚೆ ಎರಡು ಜರ್ಸಿ ತಗೊಂಡೆ. ಒಂದು ನನಗೆ, ಒಂದು ಏಳು ವರ್ಷದ ಮಗಳಿಗೆ. ಎರಡೂ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಲಿವರ್‌ಪೂಲ್‌ನ ಕೆಂಪು ಹೋಮ್ ಜರ್ಸಿ, ಅಂದರೆ ತಂಡ ತನ್ನದೇ ಮೈದಾನದಲ್ಲಿ ಆಡುವಾಗ ಹಾಕುವಂಥದ್ದು. ಎರಡನ್ನೂ ಕ್ಲಬ್‌ನ ಸ್ವಂತ ಸ್ಟೋರ್‌ನಿಂದಲೇ ತರಿಸಿದ್ದು. ಬಂದ ದಿನವೇ ರಿವ್ಯೂ ಬರೆಯಬಹುದಿತ್ತು. ಆದರೆ ಯಾವ ಬಟ್ಟೆಯಾದರೂ ಮೊದಲ ದಿನ ಚೆನ್ನಾಗೇ ಇರುತ್ತದೆ, ಅಲ್ವಾ? ಅದಕ್ಕೇ ಸೀಸನ್ ಮುಗಿಯುವವರೆಗೂ ಕಾದೆ. ಈಗ ಎರಡನ್ನೂ ಮೂವತ್ತಕ್ಕಿಂತ ಜಾಸ್ತಿ ಸಲ ಒಗೆದಿದ್ದೇವೆ. ಮಗಳು ಅದನ್ನು ಹಾಕಿಕೊಂಡು ಮಣ್ಣಲ್ಲಿ ಬಿದ್ದಿದ್ದಾಳೆ, ಎದ್ದಿದ್ದಾಳೆ, ಎರಡು ಸಲ ಹಾಗೇ ಮಲಗಿಬಿಟ್ಟಿದ್ದಾಳೆ. ಈಗ ಬರೆದರೆ ಅದಕ್ಕೊಂದು ಅರ್ಥ ಇರುತ್ತದೆ.

ಮೊದಲು ತಗೊಳ್ಳುವವರಿಗೆ ಬೇಕಾದ ವಿಷಯ. ಕ್ಲಬ್ ಜರ್ಸಿಗಳು ಎರಡು ಥರ ಬರುತ್ತವೆ. ಒಂದು ಪ್ಲೇಯರ್ ವರ್ಷನ್, ಮೈದಾನದಲ್ಲಿ ಆಟಗಾರರು ಹಾಕುವಂಥದ್ದು. ಅದು ಮೈಗೆ ಅಂಟಿಕೊಂಡ ಹಾಗಿರುತ್ತದೆ, ಬಟ್ಟೆ ತೆಳು, ಎದೆ ಮೇಲಿನ ಲೋಗೋವನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ. ಇನ್ನೊಂದು ಫ್ಯಾನ್ ವರ್ಷನ್. ಸ್ವಲ್ಪ ಸಡಿಲ, ಬಟ್ಟೆ ಒಂಚೂರು ದಪ್ಪ. ನನ್ನದರಲ್ಲಿ ಲೋಗೋ ದಾರದಲ್ಲಿ ಹೊಲಿದದ್ದು. ತೊಂಬತ್ತು ನಿಮಿಷ ಓಡುವವರಿಗೆ ಮೊದಲನೆಯದು ಸರಿ. ಕೂತು, ಎದ್ದು, ಕೂಗಿ, ಮತ್ತೆ ತಲೆ ಹಿಡಿದು ಕೂತು, ಮಾರನೇ ದಿನ ಅದೇ ಜರ್ಸಿಯಲ್ಲಿ ಹೊರಗೆ ಹೋಗುವ ನಮ್ಮಂಥವರಿಗೆ ಎರಡನೆಯದೇ ಬೇಕು. ಪ್ಲೇಯರ್ ವರ್ಷನ್ ತಗೊಳ್ಳಲೇಬೇಕು ಅನ್ನುವವರು ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದು ನೋಡಿ.

ಬಟ್ಟೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಲಿಯೆಸ್ಟರ್, ಬೇಗ ಒಣಗುತ್ತದೆ, ಬಣ್ಣ ಬಿಟ್ಟಿಲ್ಲ, ಎಲ್ಲೂ ದಾರ ಎದ್ದಿಲ್ಲ. ಕಂಕುಳ ಹತ್ತಿರ ನನಗೆ ತುಸು ಬಿಗಿ. ಅಷ್ಟೇ.

ಲೋಗೋ ಬಗ್ಗೆ ಮಾತ್ರ ನಿಂತು ಹೇಳಬೇಕು. ಎದೆ ಮೇಲೆ ಇರುವುದು ಲಿವರ್ ಬರ್ಡ್, ಆ ನಗರದ ಗುರುತಿನ ಹಕ್ಕಿ. ಅದರ ಕೊಕ್ಕಿನಲ್ಲಿ ಒಂದು ಚಿಕ್ಕ ಎಸಳು ಇರುತ್ತದೆ, ಸಮುದ್ರದ ಪಾಚಿಯದು. ಹತ್ತಿರ ಹಿಡಿದು ನೋಡಿ. ಒರಿಜಿನಲ್‌ನಲ್ಲಿ ಆ ಎಸಳಿನ ಎಲೆಗಳು ಬೇರೆ ಬೇರೆ ಕಾಣುತ್ತವೆ, ರೆಕ್ಕೆಯ ಗರಿಗಳ ನಡುವೆ ಸಣ್ಣ ಸಂದು ಇರುತ್ತದೆ. ನಕಲಿಯಲ್ಲಿ ಕೊಕ್ಕಿನ ಹತ್ತಿರ ದಾರದ ಮುದ್ದೆ. ಇದು ನನಗೆ ಅನುಭವದಿಂದ ಗೊತ್ತಾದದ್ದು. 2010ರಲ್ಲಿ, ನನಗೆ ಹದಿನೈದು ವರ್ಷ, ಕೂಡಿಟ್ಟ ದುಡ್ಡಿನಲ್ಲಿ ಯಾವುದೋ ಒಂದು ವೆಬ್‌ಸೈಟ್‌ನಿಂದ ಜರ್ಸಿ ತರಿಸಿದ್ದೆ. ಬೆನ್ನ ಮೇಲೆ ಆಗಿನ ನಮ್ಮ ಸ್ಟ್ರೈಕರ್ ಟೋರೆಸ್ ಹೆಸರು, ನಂಬರ್ 9. ಮೂರನೇ ಸಲ ಒಗೆದಾಗ 9ರ ಬಾಲ ಎದ್ದು ಬಂತು. ತಿಂಗಳೊಳಗೆ ಪೂರ್ತಿ ನಂಬರ್ ಹೋಯಿತು. ಮೇಲ್ ಮಾಡಿದೆ, ಉತ್ತರವೇ ಇಲ್ಲ. ಆ ವಯಸ್ಸಿನಲ್ಲಿ ಅದು ಎಷ್ಟು ನೋವು ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ದಯವಿಟ್ಟು ಕ್ಲಬ್‌ನ ಸ್ಟೋರ್‌ನಲ್ಲೋ ನಂಬಿಕೆ ಇರುವ ಅಂಗಡಿಯಲ್ಲೋ ತಗೊಳ್ಳಿ, ಮುಖ್ಯವಾಗಿ ಮಕ್ಕಳಿಗೆ ಕೊಡುವುದಾದರೆ.

ಮಕ್ಕಳಿಗೆ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಪ್ರಕಾರ ಯಾರೂ ಕ್ಲಬ್ ಅನ್ನು ಆರಿಸಿಕೊಳ್ಳುವುದಿಲ್ಲ. ಫೋನ್ ತಗೊಳ್ಳುವಾಗ ನಾಲ್ಕು ನೋಡಿ, ಹೋಲಿಸಿ, ಒಂದನ್ನು ಇಟ್ಟುಕೊಳ್ಳುತ್ತೇವಲ್ಲ, ಹಾಗಲ್ಲ ಇದು. ಯಾರೋ ಕೈಗೆ ಕೊಡುತ್ತಾರೆ. ಅಪ್ಪ, ಅಕ್ಕ, ಪಕ್ಕದ ಬೆಂಚಿನ ಹುಡುಗ, ಯಾರಾದರೂ ಆಗಬಹುದು. ಕೆಲವರಿಗೆ ಹುಟ್ಟಿದ ಊರೇ ಕೊಟ್ಟುಬಿಡುತ್ತದೆ. ಕೊಟ್ಟದ್ದು ಕೈಯಲ್ಲಿ ಉಳಿಯುತ್ತಾ ಅನ್ನುವುದು ಆಮೇಲಿನ ಮಾತು.

ನನಗೆ ಕೊಟ್ಟದ್ದು ಅಣ್ಣ. 2005ರ ಮೇ 25, ಇಸ್ತಾಂಬುಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್, ಎದುರಿಗೆ ಇಟಲಿಯ ಎಸಿ ಮಿಲಾನ್. ನನಗೆ ಹತ್ತು ವರ್ಷ, ಅವನಿಗೆ ಹದಿನೈದು. ಮೊದಲ ನಿಮಿಷದಲ್ಲೇ ಮಾಲ್ದಿನಿ ಗೋಲ್ ಹೊಡೆದ. ಆಮೇಲೆ ಕ್ರೆಸ್ಪೋ ಎರಡು. ಹಾಫ್ ಟೈಮ್‌ಗೆ 0-3. ಅಣ್ಣ ಕೆಂಪು ಜರ್ಸಿ ಹಾಕಿಕೊಂಡು ನೆಲದ ಮೇಲೆ ಮೊಣಕಾಲು ತಬ್ಬಿ ಕೂತಿದ್ದ. ನಾನು, "ಮಿಲಾನ್ ಚೆನ್ನಾಗಿ ಆಡ್ತಿದೆ, ಅವರಿಗೇ ಸಪೋರ್ಟ್ ಮಾಡೋಣ್ವಾ?" ಅಂದೆ. ಅವನು ಬೈಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. "ನಿದ್ದೆ ಬಂದ್ರೆ ಹೋಗಿ ಮಲ್ಕೋ. ನಾನು ಕೂತಿರ್ತೀನಿ" ಅಂದ.

ನಾನು ಮಲಗಲಿಲ್ಲ. 54ನೇ ನಿಮಿಷದಲ್ಲಿ ನಮ್ಮ ಕ್ಯಾಪ್ಟನ್ ಗೆರಾರ್ಡ್ ತಲೆಯಿಂದ ಗೋಲ್ ಹೊಡೆದ, ಹೊಡೆದವನೇ ಎರಡೂ ಕೈ ಮೇಲಕ್ಕೆತ್ತಿ ಎತ್ತಿ ಜನರನ್ನು ಕೂಗಿಸುತ್ತಾ ವಾಪಸ್ ಓಡಿದ. 56ಕ್ಕೆ ಸ್ಮಿಸರ್. 60ಕ್ಕೆ ಪೆನಾಲ್ಟಿ, ಅಲೋನ್ಸೋ ಒದ್ದದ್ದನ್ನು ಮಿಲಾನ್ ಗೋಲಿ ದೀದಾ ತಡೆದ, ವಾಪಸ್ ಬಂದ ಚೆಂಡನ್ನು ಅಲೋನ್ಸೋನೇ ಒಳಗೆ ಹಾಕಿದ. ಆರು ನಿಮಿಷ, ಮೂರು ಗೋಲು. ಕೊನೆಗೆ ಶೂಟೌಟ್‌ನಲ್ಲಿ ನಮ್ಮ ಗೋಲಿ ಡೂಡೆಕ್ ಮಿಲಾನ್‌ನ ಶೆವ್ಚೆಂಕೋನ ಪೆನಾಲ್ಟಿ ಒದೆತ ತಡೆದು ಕಪ್ ನಮ್ಮದಾದಾಗ ಅಣ್ಣ ನನ್ನನ್ನು ಎತ್ತಿಕೊಂಡುಬಿಟ್ಟಿದ್ದ. ಅವನ ಜರ್ಸಿ ಬೆವರಿಗೆ ಒದ್ದೆಯಾಗಿತ್ತು, ಕಾಲರ್ ನನ್ನ ಕೆನ್ನೆಗೆ ಒರಟಾಗಿ ತಾಗುತ್ತಿತ್ತು. ಆ ಮ್ಯಾಚಿನ ಎಷ್ಟೋ ವಿಷಯ ಆಮೇಲೆ ವಿಡಿಯೋದಲ್ಲಿ ನೋಡಿ ಗೊತ್ತಾದದ್ದು. ಆ ಕಾಲರ್ ಮಾತ್ರ ಆ ರಾತ್ರಿಯದೇ ನೆನಪು. ಮಾರನೇ ವರ್ಷ ಅದು ಅವನಿಗೆ ಚಿಕ್ಕದಾಯಿತು, ನನಗೆ ಬಂತು. ತೋಳು ಮೊಣಕೈ ದಾಟುತ್ತಿತ್ತು. ಕೆಳಗೆ ಒಂದು ಹೊಲಿಗೆ ಹಾಕಿಸಿಕೊಂಡು ಎರಡು ವರ್ಷ ಹಾಕಿದೆ.

ಇನ್ನು ಬಣ್ಣ. ಈ ಜರ್ಸಿಯ ಕೆಂಪು ಫೋಟೋದಲ್ಲಿ ಕಾಣುವುದಕ್ಕಿಂತ ಸ್ವಲ್ಪ ಗಾಢ, ನನಗೆ ತುಂಬಾ ಹಿಡಿಸಿತು. ಮಜಾ ಏನೆಂದರೆ 1892ರಲ್ಲಿ ಕ್ಲಬ್ ಶುರುವಾದಾಗ ಬಣ್ಣ ನೀಲಿ-ಬಿಳಿ. ಕೆಂಪು ಅಂಗಿ ಬಂದದ್ದು 1896ರಲ್ಲಿ. ಚಡ್ಡಿ ಎಷ್ಟೋ ವರ್ಷ ಬಿಳಿಯೇ ಇತ್ತು. 1964ರಲ್ಲಿ ಮ್ಯಾನೇಜರ್ ಬಿಲ್ ಶಾಂಕ್ಲಿ, ಕ್ಯಾಪ್ಟನ್ ರಾನ್ ಯೀಟ್ಸ್‌ಗೆ ಕೆಂಪು ಚಡ್ಡಿ ಹಾಕಿಸಿ ನೋಡಿದರು. ಮೊದಲೇ ಭಾರಿ ಆಳು, ಅದರಲ್ಲಿ ಇನ್ನೂ ಎತ್ತರ ಕಂಡ. ಕಾಲುಚೀಲವೂ ಕೆಂಪೇ ಇರಲಿ ಅಂದದ್ದು ಇಯಾನ್ ಸೇಂಟ್ ಜಾನ್. ಬೆಲ್ಜಿಯಂನ ಆಂಡರ್ಲೆಖ್ಟ್ ವಿರುದ್ಧ ತಂಡ ತಲೆಯಿಂದ ಕಾಲಿನವರೆಗೆ ಕೆಂಪಲ್ಲಿ ಇಳಿಯಿತು. ಇಟಲಿಯ ಯುವೆಂಟಸ್ ಕ್ಲಬ್ಬಿನ ಕಥೆ ಇನ್ನೂ ಚೆಂದ. ಅವರು ಮೊದಲು ಗುಲಾಬಿ ಹಾಕುತ್ತಿದ್ದರು, 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿ ತಂಡದ ಕಪ್ಪು-ಬಿಳಿ ಪಟ್ಟೆಯ ಜರ್ಸಿ ತರಿಸಿಕೊಂಡರು, ಅದೇ ಅವರದ್ದಾಯಿತು. ಹೀಗೆ ಬಂದ ಬಣ್ಣಕ್ಕೆ ಜನ ಜೀವ ಬಿಡುತ್ತಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ನಮ್ಮ ಹೆಸರನ್ನೂ ಯಾರೋ ಇಟ್ಟದ್ದೇ ಅಲ್ವಾ, ಆದರೂ ಅದು ನಮ್ಮದೇ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಬೆನ್ನ ಮೇಲೆ ಆಟಗಾರನ ಹೆಸರು ಹಾಕಿಸಬೇಕಾ, ಬೇಡ್ವಾ?

ದೊಡ್ಡವರಿಗೆ ನನ್ನ ಸಲಹೆ, ಬೇಡ. ನನ್ನ ಟೋರೆಸ್ ಜರ್ಸಿಯ ನಂಬರ್ ಕಿತ್ತುಹೋದ ಮೇಲೆ ಬರೀ ಹೆಸರು ಉಳಿದಿತ್ತು. 2011ರ ಜನವರಿಯಲ್ಲಿ ಆ ಮನುಷ್ಯನೇ ಇಂಗ್ಲೆಂಡಿನ ಇನ್ನೊಂದು ಕ್ಲಬ್ ಚೆಲ್ಸಿಗೆ ಹೋದ. ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಇನ್ನು ಫುಟ್ಬಾಲ್ ನೋಡುವುದೇ ಬೇಡ ಅನ್ನಿಸಿತ್ತು. ಆದರೆ ಮುಂದಿನ ಮ್ಯಾಚ್ ಬಂದಾಗ ನಾನು ಟಿವಿ ಮುಂದೆ ಕೂತಿದ್ದೆ, ಮತ್ತೆ ಕೆಂಪು ಅಂಗಿಯವರಿಗೇ ಕೂಗುತ್ತಿದ್ದೆ, ಅವರಲ್ಲಿ ಅವನಿಲ್ಲ ಅನ್ನುವುದು ಹತ್ತು ನಿಮಿಷ ಆದ ಮೇಲೆ ನೆನಪೇ ಆಗಲಿಲ್ಲ. ನಾನು ಪೂರ್ತಿ ಲಿವರ್‌ಪೂಲ್‌ನವನಾದದ್ದು ಇಸ್ತಾಂಬುಲ್ ರಾತ್ರಿ ಅಲ್ಲ, ಆ ದಿನ ಅಂತ ಈಗ ಅನ್ನಿಸುತ್ತದೆ. ಗೆದ್ದಾಗ ಎಲ್ಲರೂ ಇರುತ್ತಾರೆ. ಇಷ್ಟದ ಆಟಗಾರ ಬಿಟ್ಟು ಹೋದ ಮೇಲೂ ನೀವು ಅಲ್ಲೇ ಕೂತಿದ್ದರೆ ಮುಗಿಯಿತು, ಇನ್ನು ಆ ಕ್ಲಬ್ ನಿಮ್ಮನ್ನು ಬಿಡುವುದಿಲ್ಲ.

ಅದಕ್ಕೇ ಮಕ್ಕಳ ವಿಷಯದಲ್ಲಿ ನನ್ನ ಸಲಹೆ ಉಲ್ಟಾ. ಅವರಿಗೆ ಬೇಕಾದ ಹೆಸರು ಹಾಕಿಸಿ. ಆ ಆಟಗಾರ ಒಂದು ದಿನ ಹೋಗುತ್ತಾನೆ, ಹೋಗಲಿ. ಆಮೇಲೆ ಮಗು ಯಾವ ಕಡೆ ಉಳಿಯುತ್ತದೆ ಅಂತ ಅದಕ್ಕೇ ಗೊತ್ತಾಗುತ್ತದೆ. ಆಟಗಾರನ ಹಿಂದೆ ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಜೇಮಿ ಕ್ಯಾರಗರ್ ಚಿಕ್ಕಂದಿನಲ್ಲಿ ಕಟ್ಟಾ ಎವರ್ಟನ್ ಅಭಿಮಾನಿ, ಅಂದರೆ ಲಿವರ್‌ಪೂಲ್‌ನ ಎದುರಾಳಿ ಕ್ಲಬ್ಬಿನವನು. ಅವನು ಲಿವರ್‌ಪೂಲ್ ಪರವಾಗಿ 737 ಮ್ಯಾಚ್ ಆಡಿದ. ಬದಲಾಗುವುದೂ ಉಂಟು. ಇನ್ನೊಂದು ತುದಿಯಲ್ಲಿ ಲಂಡನ್ನಿನ ವಿಂಬಲ್ಡನ್ ಫುಟ್ಬಾಲ್ ಕ್ಲಬ್ಬಿನ ಜನ ಇದ್ದಾರೆ. 2002ರಲ್ಲಿ ಅವರ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಅನ್ನುವ ಬೇರೆ ಊರಿಗೆ ಸಾಗಿಸಲು ಒಪ್ಪಿಗೆ ಸಿಕ್ಕಾಗ, ಅಭಿಮಾನಿಗಳೇ ಸೇರಿ ಎಎಫ್‌ಸಿ ವಿಂಬಲ್ಡನ್ ಅಂತ ಹೊಸದಾಗಿ ಕಟ್ಟಿದರು, ತೀರಾ ಕೆಳಗಿನ ಲೀಗ್‌ನಿಂದ ಶುರು ಮಾಡಿ 2011ಕ್ಕೆ ವೃತ್ತಿಪರ ಕ್ಲಬ್‌ಗಳ ಫುಟ್ಬಾಲ್ ಲೀಗ್‌ಗೆ ಬಂದರು. ಕ್ಲಬ್ ಕೈ ತಪ್ಪಿದರೂ ಅವರು ಬಿಡಲಿಲ್ಲ. ಈ ಕಥೆ ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನನ್ನ ಮಗಳು ಯಾರ ಹೆಸರೂ ಬೇಡ, ತನ್ನದೇ ಹೆಸರು ಬೇಕು ಅಂದಳು. ನಂಬರ್ 7, ಯಾಕೆಂದರೆ ಅವಳಿಗೆ ಏಳು ವರ್ಷ. ಅದು ಎಂಥ ನಂಬರ್ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ. ಲಿವರ್‌ಪೂಲ್‌ನ ದೊಡ್ಡ ಆಟಗಾರ ಕೆವಿನ್ ಕೀಗನ್ ಹಾಕುತ್ತಿದ್ದದ್ದು ಅದು. 1977ರಲ್ಲಿ ಅವನು ಜರ್ಮನಿಯ ಹ್ಯಾಂಬರ್ಗ್ ಕ್ಲಬ್‌ಗೆ ಹೋದಾಗ ಜನ ಎದೆ ಬಡಿದುಕೊಂಡರು. ಅದೇ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ನಿಂದ ಕೆನ್ನಿ ಡಾಲ್‌ಗ್ಲಿಷ್ ಬಂದು ಅದೇ 7 ಹಾಕಿಕೊಂಡ, ಮಾರನೇ ವರ್ಷ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಫೈನಲ್‌ನ ಒಂದೇ ಒಂದು ಗೋಲ್ ಅವನದೇ. ಪ್ರಿಂಟ್ ಗುಣಮಟ್ಟ ಹೇಳುವುದಾದರೆ, ಅಷ್ಟೊಂದು ಸಲ ಒಗೆದ ಮೇಲೂ 7 ಹಾಗೇ ಇದೆ. ಹೆಸರಿನ ಒಂದು ಅಕ್ಷರದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಅದು ಅವಳು ಗೋಡೆಗೆ ಒರಗಿ ಉಜ್ಜಿದ್ದಕ್ಕೆ.

ಇನ್ನೊಂದು ಪ್ರಿಂಟ್ ಇದೆ, ಹಾಕಿಕೊಂಡವರಿಗೆ ಅದು ಕಾಣುವುದಿಲ್ಲ. ಹಿಂದೆ ಕತ್ತಿನ ಕೆಳಗೆ, ಎರಡು ಜ್ವಾಲೆಗಳ ನಡುವೆ 97 ಅಂತ ಬರೆದಿದೆ. ಒಂದು ದಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಮಗಳು ಕೇಳಿದಳು, "ಅಪ್ಪಾ, ನಿನ್ನ ನಂಬರ್ ಯಾಕೆ ಇಷ್ಟು ಚಿಕ್ಕದು?" ಅಲ್ಲೇ ಕೂತು ಹೇಳಿದೆ. 1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನ, ಎಫ್‌ಎ ಕಪ್ ಸೆಮಿಫೈನಲ್. ಒಂದೇ ಕಡೆ ತುಂಬಾ ಜನರನ್ನು ಒಳಗೆ ಬಿಟ್ಟರು, ಉಸಿರಾಡಲು ಜಾಗ ಇರಲಿಲ್ಲ. ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. ತಪ್ಪು ಅಭಿಮಾನಿಗಳದ್ದೇ ಅಂತ ಪೊಲೀಸರು ಎಷ್ಟೋ ವರ್ಷ ಹೇಳಿದರು. ಅದು ಸುಳ್ಳು ಅಂತ 2016ರಲ್ಲಿ ಆ ಸಾವುಗಳ ವಿಚಾರಣೆಯಲ್ಲಿ ಜ್ಯೂರಿ ತೀರ್ಮಾನ ಕೊಡುವವರೆಗೆ ಸತ್ತವರ ಮನೆಯವರು ಹೋರಾಡಿದರು. ಇಷ್ಟನ್ನೂ ಏಳು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಹೇಳುವುದು ಕಷ್ಟ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಮ್ಯಾಚ್ ಯಾರು ಗೆದ್ರು?" ಅಂದಳು. "ಆರು ನಿಮಿಷಕ್ಕೇ ನಿಲ್ಲಿಸಿಬಿಟ್ರು ಪುಟ್ಟಾ" ಅಂದೆ. ಅವಳು ನನ್ನ ಕತ್ತಿನ ಹಿಂದೆ ಬೆರಳಿಟ್ಟು ಆ 97ರ ಮೇಲೆ ಎರಡು ಸಲ ಬರೆದಳು.

ಒಗೆಯುವ ವಿಧಾನ. ಒಳಗಡೆ ಹೊರಗೆ ಮಾಡಿ, ತಣ್ಣೀರಿನಲ್ಲಿ, ಬೇರೆ ಬಟ್ಟೆ ಕಡಿಮೆ ಇರುವಾಗ ಹಾಕಿ. ಫ್ಯಾಬ್ರಿಕ್ ಸಾಫ್ಟನರ್ ಬೇಡ. ಡ್ರೈಯರ್ ಬೇಡ, ನೆರಳಲ್ಲಿ ಒಣಗಿಸಿ. ಪ್ರಿಂಟ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ.

ಕೊರತೆ ಅಂದರೆ ಎರಡು. ಮಕ್ಕಳ ಸೈಜ್ ಚಾರ್ಟ್ ವಯಸ್ಸಿನ ಪ್ರಕಾರ ಇರುತ್ತದೆ, ಅದನ್ನು ನಂಬದೆ ಎದೆ ಸುತ್ತಳತೆ ತೆಗೆದು ನೋಡಿ. ಎರಡನೆಯದು, ಸೀಸನ್‌ಗೆ ಮೂರು ಹೊಸ ಜರ್ಸಿ ಬರುತ್ತವೆ, ಹೋಮ್, ಅವೇ, ಥರ್ಡ್. ಎಲ್ಲವನ್ನೂ ತಗೊಳ್ಳಬೇಕು ಅನ್ನುವ ಒತ್ತಡ ಮಕ್ಕಳ ಮೇಲೆ ಬೀಳುತ್ತದೆ. ಹೋಮ್ ಜರ್ಸಿ ಒಂದಿದ್ದರೆ ಸಾಕು, ಅದೂ ಪ್ರತಿ ವರ್ಷ ಬೇಡ. ನನ್ನ ಅಂಕ ಐದಕ್ಕೆ ನಾಲ್ಕೂವರೆ.

ಮಗಳಿಗೆ ಈಗ ತೋಳು ಮೇಲಕ್ಕೆ ಬರುತ್ತಿದೆ. ಅಣ್ಣನ ಮಗನಿಗೆ ಐದು ವರ್ಷ, ಅವನಿಗೆ ಕೊಡೋಣ ಅಂದೆ. ತಕ್ಷಣ ಒಪ್ಪಿದಳು. ಬೆನ್ನ ಮೇಲಿನ ಹೆಸರನ್ನು ತೆಗೆಸಿ ಕೊಡೋಣ್ವಾ ಅಂತ ಕೇಳಿದೆ.

"ಬೇಡ, ಇರ್ಲಿ. ಯಾರು ಕೊಟ್ಟಿದ್ದು ಅಂತ ಅವನಿಗೆ ಗೊತ್ತಾಗ್ಬೇಕಲ್ಲ" ಅಂದಳು.