ಒಂದೇ ಕಲ್ಲು, ಹದಿಮೂರು ಹಾಳೆ: ಕಾಸರಗೋಡಿನ ಒಂದು ಜಲವರ್ಣ ತರಗತಿ

ಕಾಸರಗೋಡು ಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ಶನಿವಾರ ಮತ್ತು ಭಾನುವಾರ ನಡೆಯುವ ಜಲವರ್ಣ ತರಗತಿಗೆ ನಾನು ಜೂನ್ ತಿಂಗಳಿನಿಂದ ಹೋಗುತ್ತಿದ್ದೇನೆ. ನಾಲ್ಕು ತಿಂಗಳು ಕಳೆದರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕುವಂಥ ಒಂದು ಚಿತ್ರವೂ ನನ್ನ ಬಳಿ ಇಲ್ಲ. ಹಾಗಿದ್ದೂ, ಕಲಿಯಬೇಕೆಂಬ ಆಸೆಯಿರುವ ದೊಡ್ಡವರಿಗೆಲ್ಲ ಈ ತರಗತಿಯನ್ನೇ ಸೂಚಿಸುತ್ತೇನೆ.

ಇದಕ್ಕೂ ಮೊದಲು ಬೇರೊಂದು ಕಡೆ ಒಂದು ವರ್ಷ ಕಲಿತಿದ್ದೆ. ವಾರ್ಷಿಕ ಪ್ರದರ್ಶನ ಹತ್ತಿರ ಬಂದಾಗ ಅಲ್ಲಿನ ಅಧ್ಯಾಪಕರು ನಮ್ಮ ಚಿತ್ರಗಳನ್ನು ತಾವೇ ತಿದ್ದಿ ಮುಗಿಸಿಕೊಡುತ್ತಿದ್ದರು. ನನ್ನ ಹೆಸರಿದ್ದ ಚಿತ್ರವನ್ನು ಮನೆಯವರೆಲ್ಲ ಮೆಚ್ಚಿದರು. ಅದರ ಆಕಾಶವನ್ನು ಇನ್ನೊಮ್ಮೆ ಬಳಿಯಲು ಕುಳಿತಾಗ ನನ್ನಿಂದ ಆಗಲಿಲ್ಲ.

ಇಲ್ಲಿಯ ಮೇಷ್ಟ್ರು ನಮ್ಮ ಹಾಳೆಗೆ ಕುಂಚ ತಾಗಿಸುವುದೇ ಇಲ್ಲ. "ಇದನ್ನು ತಿದ್ದುವುದು ಬೇಡ, ಇನ್ನೊಂದು ಮಾಡಿ" ಎನ್ನುತ್ತಾರೆ. ಮೊದಲ ತಿಂಗಳು ಪೂರ್ತಿ ಅಲ್ಟ್ರಾಮರೀನ್ ನೀಲಿಯೊಂದನ್ನೇ ಗಾಢದಿಂದ ತಿಳಿಗೆ ಇಳಿಸುವ ಪಟ್ಟಿಗಳನ್ನು ಮಾಡಿಸಿದರು. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಒದ್ದೆಯಿರುವಾಗ ಕಣ್ಣಿಗೆ ಸರಿ ಕಂಡದ್ದು ಆರಿದ ಮೇಲೆ ಸಪ್ಪೆಯಾಗಿರುತ್ತದೆ. ಕುಂಚದಲ್ಲಿ ಎಷ್ಟು ನೀರಿರಬೇಕೆಂಬುದು ಕೈಗೇ ರೂಢಿಯಾಗಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಹಾಳೆ ಬೇಗ ಆರದೆ ಬಣ್ಣ ಗೆರೆ ದಾಟಿ ಹರಡುತ್ತಿತ್ತು. ಅದಕ್ಕಾಗಿಯೇ ಪ್ರತಿ ಹಾಳೆಯ ಹಿಂದೆ ದಿನಾಂಕದ ಜೊತೆಗೆ ಮಳೆಯೋ ಬಿಸಿಲೋ ಎಂಬುದನ್ನೂ ಬರೆಸುತ್ತಾರೆ.

ಆಮೇಲೆ ಮೇಜಿನ ಮೇಲೆ ಮುರಕಲ್ಲಿನ, ಅಂದರೆ ಕರಾವಳಿಯ ತೂತುತೂತಾದ ಕೆಂಪು ಕಲ್ಲಿನ, ತುಂಡೊಂದು ಬಂತು. ಹಾಳೆಯ ಮೇಲೆ ಹಾಳೆ ಅದನ್ನೇ ಬರೆಯುವುದು ನಮ್ಮ ಪಾಠ. ನಮ್ಮ ಮನೆಯ ಗೋಡೆ, ಬಾವಿಕಟ್ಟೆ, ಬೇಕಲ ಕೋಟೆ ಎಲ್ಲವೂ ಇದೇ ಕಲ್ಲಿನವು; ಆದರೂ ಅದರ ತೂತುಗಳೊಳಗಿನ ನೆರಳು ಕಪ್ಪಲ್ಲ, ಕೆಂಪು ಬೆರೆತ ಬೂದು ಎಂಬುದು ನನ್ನ ಕಣ್ಣಿಗೆ ಬಿದ್ದದ್ದು 8ನೆಯ ಹಾಳೆಯಲ್ಲಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅದೇ ಅಲ್ಟ್ರಾಮರೀನ್ ನೀಲಿಯನ್ನು ಸೇರಿಸಿದಾಗ ಆ ಬೂದು ಸಿಕ್ಕಿತು. ಕಪ್ಪು ಬಣ್ಣದ ಟ್ಯೂಬನ್ನು ಅಂದಿನಿಂದ ನಾನು ತೆರೆದಿಲ್ಲ.

ಒಂದು ಕೊರತೆಯನ್ನು ಹೇಳಲೇಬೇಕು. ಅಭ್ಯಾಸಕ್ಕೆ ಕೊಡುವ ತೆಳು ಡ್ರಾಯಿಂಗ್ ಹಾಳೆ ನೀರು ತಾಗಿದೊಡನೆ ಉಬ್ಬುತ್ತದೆ, ಬಣ್ಣ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಳೆಯ ದೋಷವನ್ನು ಹೊಸಬರು ತಮ್ಮ ಕೈಯ ದೋಷವೆಂದೇ ತಿಳಿಯುತ್ತಾರೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ದುಬಾರಿಯೆಂಬುದು ನಿಜ, ಆದರೆ ನಾಲ್ಕು ತುಂಡು ಮಾಡಿ ಎರಡೂ ಬದಿಗೆ ಬಳಿದರೆ ಖರ್ಚು ಅಷ್ಟಾಗಿ ಭಾರವಾಗುವುದಿಲ್ಲ. ಪಾಠ ಕನ್ನಡ, ಮಲಯಾಳ ಎರಡರಲ್ಲೂ ನಡೆಯುತ್ತದೆ. ಮಕ್ಕಳನ್ನು ಶಾಲೆಯ ಸ್ಪರ್ಧೆಗೆ ಸಿದ್ಧಗೊಳಿಸಬೇಕೆಂದಿರುವ ಹೆತ್ತವರಿಗೆ ಈ ಕ್ರಮ ಒಗ್ಗದು.

ಕಳೆದ ವಾರ ನನ್ನ ಹಾಳೆಗಳನ್ನೆಲ್ಲ ದಿನಾಂಕದ ಪ್ರಕಾರ ನೆಲದ ಮೇಲೆ ಹರಡಿಸಿದರು. 13ನೆಯದರಲ್ಲಿ ಕಲ್ಲು ಮೇಜಿನ ಮೇಲೆ ಭಾರವಾಗಿ ಕುಳಿತಿದೆ. ಅದರ ಹಿಂದಿನವುಗಳಲ್ಲಿ ತೇಲುತ್ತಿತ್ತು. ಮುಂದಿನ ಶನಿವಾರಕ್ಕೆ ಅದೇ ಕಲ್ಲನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟಿದ್ದಾರೆ.